ಎರಡು ಆಸಿಲೇಟರ್, ಕಿವಿಗೆ ಕೇಳುವ ಒಂದು ವ್ಯತ್ಯಾಸ

ನೀವು ನೋಡುತ್ತಿರುವ ಈ ಮೆಟಲ್ ಡಿಟೆಕ್ಟರ್‌ನಲ್ಲಿ ಎರಡು ಆಸಿಲೇಟರ್‌ಗಳಿವೆ, ಅಂದರೆ ಒಂದೇ ಸಮನೆ ವಿದ್ಯುತ್ ಕಂಪನ ಹುಟ್ಟಿಸುವ ಮಂಡಲಗಳು. ಒಂದರ ಕಾಯಿಲ್ ನನ್ನ ಕೈಯಲ್ಲಿರುವ ಈ ಅಗಲವಾದ ಬಳೆ, ಇನ್ನೊಂದರದು ಡಬ್ಬಿಯೊಳಗಿನ ಪುಟ್ಟ ಸುರುಳಿ. ಎರಡೂ ಸುಮಾರು 100 ಕಿಲೋಹರ್ಟ್ಸ್ ಆವರ್ತನದಲ್ಲಿ ಕಂಪಿಸುತ್ತವೆ. ಅದು ಕಿವಿಗೆ ಎಟುಕುವುದಿಲ್ಲ. ಆದರೆ ಎರಡನ್ನೂ ಮಿಕ್ಸರ್‌ಗೆ, ಅಂದರೆ ಎರಡು ಕಂಪನಗಳನ್ನು ಬೆರೆಸಿ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳನ್ನು ಕೊಡುವ ಮಂಡಲಕ್ಕೆ, ಕೊಟ್ಟಾಗ ಹುಟ್ಟುವ ಮೊತ್ತದ ಆವರ್ತನವನ್ನು ಫಿಲ್ಟರ್‌ನಲ್ಲಿ ತಡೆದರೆ, ವ್ಯತ್ಯಾಸದ ಆವರ್ತನ ಮಾತ್ರ ಉಳಿದು ಹೆಡ್‌ಫೋನ್‌ನಲ್ಲಿ ಸ್ವರವಾಗಿ ಕೇಳಿಸುತ್ತದೆ.

ತಾಮ್ರದ ಬಿಲ್ಲೆಯೊಂದು ಬಳೆಯ ಸಮೀಪಕ್ಕೆ ಬಂದಾಗ ಅದರಲ್ಲಿ ಹರಿಯುವ ಸುಳಿ ವಿದ್ಯುತ್ ಪ್ರವಾಹವು ಕಾಯಿಲ್‌ನ ಇಂಡಕ್ಟೆನ್ಸನ್ನು (ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣವನ್ನು) ತಗ್ಗಿಸುತ್ತದೆ, ಆವರ್ತನ ಏರುತ್ತದೆ. ಇಂಡಕ್ಟೆನ್ಸ್ ಶೇಕಡಾ 0.1ರಷ್ಟು ತಗ್ಗಿದರೆ ಆವರ್ತನ ಅದರ ಅರ್ಧದಷ್ಟು, ಅಂದರೆ 50 ಹರ್ಟ್ಸ್ ಏರುತ್ತದೆ. 1,00,000ದಲ್ಲಿ 50 ಏನೇನೂ ಅಲ್ಲ. ಆದರೆ 200 ಹರ್ಟ್ಸ್‌ನ ಸ್ವರ 250ಕ್ಕೆ ಏರಿದರೆ ಸಂಗೀತ ಕಲಿಯದ ಕಿವಿಯೂ ಅದನ್ನು ಗುರುತಿಸುತ್ತದೆ. ಇಷ್ಟು ಕಡಿಮೆ ಬಿಡಿಭಾಗಗಳಿಂದ ಇಷ್ಟು ಸೂಕ್ಷ್ಮ ಅಳತೆ ಸಾಧ್ಯವಾಗುವುದು ನನಗೆ ಇಂದಿಗೂ ವಿಸ್ಮಯವೇ.

ನನ್ನನ್ನು ನಾಲ್ಕು ದಿನ ಕಾಡಿದ ತೊಂದರೆಯನ್ನು ಹೇಳಲೇಬೇಕು. ಸೂಕ್ಷ್ಮತೆ ಹೆಚ್ಚಲೆಂದು ಸ್ವರವನ್ನು ಇಳಿಸುತ್ತ ಬಂದಂತೆ, ಒಂದು ಹಂತದಲ್ಲಿ ಅದು ಗರಗರನೆ ಒರಟಾಗಿ, ಥಟ್ಟನೆ ನಿಂತುಬಿಡುತ್ತಿತ್ತು. ಆಮೇಲೆ ಬಿಲ್ಲೆಯನ್ನು ಬಳೆಗೆ ತಾಗಿಸಿದರೂ ಮೌನ. ಹೆಡ್‌ಫೋನ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ತಪ್ಪು ಅಲ್ಲೆಲ್ಲೂ ಇರಲಿಲ್ಲ: ಬ್ಯಾಟರಿಯಿಂದ ಬರುವ ಒಂದೇ ತಂತಿಯ ಮೂಲಕ ಒಂದು ಆಸಿಲೇಟರ್‌ನ ಕಂಪನ ಇನ್ನೊಂದಕ್ಕೆ ಸೋರುತ್ತಿತ್ತು, ಆವರ್ತನಗಳು ತೀರ ಹತ್ತಿರವಾದೊಡನೆ ಎರಡೂ ಲಾಕ್ ಆಗಿ, ಒಂದೇ ಲಯದಲ್ಲಿ ಕಂಪಿಸುತ್ತಿದ್ದವು. ವ್ಯತ್ಯಾಸವೇ ಇಲ್ಲದ ಮೇಲೆ ಸ್ವರ ಎಲ್ಲಿಂದ ಬರಬೇಕು? ಎರಡಕ್ಕೂ ಪ್ರತ್ಯೇಕವಾಗಿ 100 ಓಮ್ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಮೂಲಕ ವಿದ್ಯುತ್ ಕೊಟ್ಟು, ಮಿಕ್ಸರ್‌ಗೆ ಮೊದಲು, ಕಂಪನ ಹಿಂದಕ್ಕೆ ಸೋರದಂತೆ ತಡೆಯುವ ಬಫರ್‌ಗಳನ್ನು ಸೇರಿಸಿ, ಪುಟ್ಟ ಸುರುಳಿಯನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿದ ಮೇಲೆ ಸ್ವರ ತೀರ ಕೆಳಗಿನವರೆಗೂ ನಿಲ್ಲದೆ ಇಳಿಯಿತು.

ಸ್ವರ ಏರಿದರೆ ತಾಮ್ರ, ಇಳಿದರೆ ಕಬ್ಬಿಣ ಎಂದು ಮೊದಲು ನಂಬಿದ್ದೆ. ಈಗ ಹಾಗೆ ಹೇಳಲಾರೆ. ಫೆರೈಟ್ (ವಿದ್ಯುತ್ ಅಷ್ಟಾಗಿ ಹರಿಯದ ಕಾಂತೀಯ ವಸ್ತು) ಕಡ್ಡಿ ಇಂಡಕ್ಟೆನ್ಸನ್ನು ಹೆಚ್ಚಿಸಿ ಸ್ವರವನ್ನು ಇಳಿಸುವುದು ನಿಜ, ಆದರೆ ಕಬ್ಬಿಣದ ತಗಡಿನಲ್ಲಿ ಸುಳಿ ಪ್ರವಾಹವೂ ಹರಿಯುವುದರಿಂದ ಅದು ಎರಡೂ ಕಡೆಗೆ ಎಳೆಯುತ್ತದೆ.

ಇಗೋ, ಬಿಲ್ಲೆ ಬಳೆಯ ಕೆಳಗೆ ಬರುತ್ತಿದೆ. ನಾನು ಮಾತು ನಿಲ್ಲಿಸುತ್ತೇನೆ, ಸ್ವರ ಏರುವುದನ್ನು ಕೇಳಿ.