ಬಿಡುಗಡೆಯ ದಿನವಿಲ್ಲದವರ ನಿರೀಕ್ಷೆ

ಕೇಳುಗರಿಗೆ ನಮಸ್ಕಾರ.

ಬೈಬಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ಕೊನೆಗೆ ಮೂರು ಪದಗಳು ಬರುತ್ತವೆ. ನಂಬಿಕೆ, ನಿರೀಕ್ಷೆ, ಪ್ರೀತಿ. ನಡುವಿನ ಪದವನ್ನು ನಾವು ದಿನಬಳಕೆಯಲ್ಲಿ ಬಸ್ಸಿಗೆ, ಪರೀಕ್ಷೆಯ ಫಲಿತಾಂಶಕ್ಕೆ ಹಚ್ಚಿ ಆಡುತ್ತೇವೆ. ಜೈಲಿನಲ್ಲಿರುವವನಿಗಾದರೆ ಅದು ಜಾಮೀನಿನ ನಿರೀಕ್ಷೆ, ಇಲ್ಲವೇ ಸನ್ನಡತೆಯ ಪಟ್ಟಿಯಲ್ಲಿ ಹೆಸರು ಬರುವ ನಿರೀಕ್ಷೆ. ಹೊರಗೆ ಬರುವ ದಿನವೇ ಇಲ್ಲದವನು ಏನನ್ನು ನಿರೀಕ್ಷಿಸಬೇಕು? ಇದಕ್ಕೆ ಉತ್ತರ ಹುಡುಕಿದ ಒಂದು ಜೈಲಿನ ವಿಷಯ ಇವತ್ತಿನ ಮಾತು.

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ, ಮಿಸಿಸಿಪಿ ನದಿ ಮೂರು ಕಡೆ ಸುತ್ತುವರಿದ ಜಾಗದಲ್ಲಿ ಆ ಜೈಲಿದೆ. ವಿಸ್ತೀರ್ಣ 18,000 ಎಕರೆ. ಹಿಂದೆ ಅದು ಗುಲಾಮರನ್ನು ದುಡಿಸುತ್ತಿದ್ದ ತೋಟ. ಆ ಗುಲಾಮರ ಮೂಲ ನೆಲದ ಹೆಸರೇ ತೋಟಕ್ಕೆ ಅಂಟಿತು, ತೋಟದಿಂದ ಜೈಲಿಗೂ ಬಂತು: ಅಂಗೋಲಾ. ಇವತ್ತಿಗೂ ಕೈದಿಗಳು ಅಲ್ಲಿ ಹೊಲದ ಕೆಲಸ ಮಾಡುತ್ತಾರೆ. ಕೂಲಿ ಗಂಟೆಗೆ ಕೆಲವೇ ಸೆಂಟು.

ಜೀವಾವಧಿ ಅಂದರೆ 14 ವರ್ಷ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು. 14 ವರ್ಷ ಕಳೆದ ಮೇಲೆ ಸರ್ಕಾರ ಬಿಡುಗಡೆಯ ಬಗ್ಗೆ ಯೋಚಿಸಬಹುದು, ಅಷ್ಟೆ. ಲೂಯಿಸಿಯಾನಾದಲ್ಲಿ ಹೆಚ್ಚಿನವರಿಗೆ ಆ ಕಿಂಡಿಯೂ ಇಲ್ಲ. ಗವರ್ನರ್ ಕ್ಷಮಾದಾನ ಕೊಟ್ಟರೆ ಉಂಟು, ಇಲ್ಲದಿದ್ದರೆ ಹೆಣವಾಗಿಯೇ ಹೊರಗೆ ಬರಬೇಕು. ಒಯ್ಯುವವರಿಲ್ಲದಿದ್ದರೆ ಹೆಣಕ್ಕೂ ಜೈಲಿನ ಸ್ಮಶಾನವೇ ಗತಿ.

1994ರಲ್ಲಿ ಅಮೆರಿಕದ ಸಂಸತ್ತು ಕೈದಿಗಳ ಕಾಲೇಜು ಓದಿಗೆ ಸಿಗುತ್ತಿದ್ದ ಪೆಲ್ ಅನುದಾನವನ್ನು ನಿಲ್ಲಿಸಿತು. ದೇಶದ ಜೈಲುಗಳಲ್ಲಿ ತರಗತಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮರುವರ್ಷ ಅಂಗೋಲಾಕ್ಕೆ ವಾರ್ಡನ್ ಆಗಿ, ಅಂದರೆ ಜೈಲಿನ ಮುಖ್ಯಾಧಿಕಾರಿಯಾಗಿ ಬಂದ ಬರ್ಲ್ ಕೇನ್, ನ್ಯೂ ಆರ್ಲಿಯನ್ಸ್‌ನ ಬ್ಯಾಪ್ಟಿಸ್ಟ್ ಪಂಗಡದ ಸೆಮಿನರಿಯನ್ನು, ಅಂದರೆ ಕ್ರೈಸ್ತ ಧರ್ಮಬೋಧಕರನ್ನು ತಯಾರು ಮಾಡುವ ಕಾಲೇಜನ್ನು, ಒಳಗೆ ಬರುವಂತೆ ಕೇಳಿದರು. 1995ರಲ್ಲಿ ಪಾಠ ಶುರುವಾಯಿತು. ವಾರಕ್ಕೊಮ್ಮೆ ಬಂದು ಹಾಡಿ, ಪ್ರಾರ್ಥಿಸಿ, ಕೇಕು ಹಂಚಿ ಹೋಗುವ ಕಾರ್ಯಕ್ರಮವಲ್ಲ ಇದು. ನಾಲ್ಕು ವರ್ಷದ ಪದವಿ. ಸೇರಲು ಹೈಸ್ಕೂಲು ಮುಗಿಸಿರಬೇಕು, ಇಲ್ಲವೇ ಅದಕ್ಕೆ ಸಮಾನವಾದ ಪರೀಕ್ಷೆ ಪಾಸಾಗಿರಬೇಕು. ಮೊದಲ ತೊಡಕು ಇಲ್ಲೇ. ಅನೇಕರು ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ದೇವರ ಮೇಲೆ ಎಷ್ಟೇ ನಂಬಿಕೆ ಬಂದಿದ್ದರೂ ಪುಟ ಓದಿ ಅರ್ಥ ಮಾಡಿಕೊಳ್ಳಲಾಗದವನು ಮೊದಲು ಅಕ್ಷರದ ತರಗತಿಗೇ ಹೋಗಬೇಕು. ಒಳಗೆ ಬಂದವನಿಗೆ ಬೈಬಲ್ ವ್ಯಾಖ್ಯಾನ, ಸಭೆಯ ಅಂದರೆ ಚರ್ಚಿನ ಚರಿತ್ರೆ, ಪ್ರಸಂಗ ಅಂದರೆ ಧರ್ಮಬೋಧೆ ಮಾಡುವ ಬಗೆ, ಗ್ರೀಕ್ ಭಾಷೆ. ಖರ್ಚು ಹೆಚ್ಚಾಗಿ ದಾನಿಗಳದು. ಬೇರೆ ಧರ್ಮದವರಿಗೂ ಪ್ರವೇಶ ಉಂಟು. ಆದರೆ ಪಾಠ ಕ್ರೈಸ್ತರದ್ದೇ, ಮತ್ತು ಬಹುಕಾಲ ಅಲ್ಲಿ ಪದವಿಗೆ ಬೇರೆ ದಾರಿ ಇರಲಿಲ್ಲ. ಕಲಿಯಬೇಕೆಂದರೆ ಒಂದು ಧರ್ಮದ ಬಾಗಿಲಿನಿಂದಲೇ ಹೋಗಬೇಕು ಅನ್ನುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಕೈದಿಗಳಿಗೆ ಪೆಲ್ ಅನುದಾನ ಪೂರ್ತಿಯಾಗಿ ಮತ್ತೆ ತೆರೆದದ್ದು 2023ರಲ್ಲಿ.

ಪದವಿ ಪಡೆದವನು ಎಲ್ಲಿಗೆ ಹೋಗುತ್ತಾನೆ? ಅದೇ ಬ್ಯಾರಕ್ಕಿಗೆ. ಅವನಿಗೆ ಅಲ್ಲೊಂದು ಕೆಲಸ ಕಾದಿರುತ್ತದೆ. ಕೈದಿಗಳೇ ನಡೆಸುವ ಸಭೆಗಳು ಒಳಗಿವೆ, ಅವುಗಳಿಗೆ ಕೈದಿಗಳೇ ಸಭಾಪಾಲಕರು. ಕೆಲವರನ್ನು ರಾಜ್ಯದ ಬೇರೆ ಜೈಲುಗಳಿಗೂ ಕಳಿಸುತ್ತಾರೆ. ಒಬ್ಬ ಕೈದಿಯ ತಾಯಿ ತೀರಿಕೊಂಡರೆ, ಆ ಸುದ್ದಿಯನ್ನು ಅವನ ಬಳಿ ಕೂತು ಹೇಳುವ ಕೆಲಸವೂ ಇವರ ಪಾಲಿಗೆ ಬಂದಿದೆ. ತನ್ನ ತಾಯಿಯ ಮಣ್ಣಿಗೂ ಹೋಗಲಾಗದವನು ಇನ್ನೊಬ್ಬನಿಗೆ ಆ ಮಾತು ಹೇಳುವುದಕ್ಕೂ, ಸಮವಸ್ತ್ರದ ಅಧಿಕಾರಿ ಬಾಗಿಲಲ್ಲಿ ನಿಂತು ಹೇಳುವುದಕ್ಕೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎಡವುವುದೂ ಉಂಟು. ಜೈಲಿನಲ್ಲಿ ಹುಟ್ಟಿದ ಭಕ್ತಿಯನ್ನು ಜೈಲಿನವರೇ ಮೊದಲು ಅನುಮಾನಿಸುತ್ತಾರೆ. ಬಿಡುಗಡೆ ಮಂಡಳಿಯ ಮುಂದೆ ತೋರಿಸಲು ಬೈಬಲ್ ಹಿಡಿದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಅಂಗೋಲಾದ ಹೆಚ್ಚಿನ ಜೀವಾವಧಿ ಕೈದಿಗಳಿಗೆ ಕ್ಷಮಾದಾನದ ಅರ್ಜಿ ಬಿಟ್ಟರೆ ಬೇರೆ ದಾರಿಯೇ ಇಲ್ಲವಾದ್ದರಿಂದ ಆ ನಾಟಕ ಅಷ್ಟಕ್ಕಷ್ಟೆ. ಆದರೆ ಬಿಸಿಲಿನ ಹೊಲ ತಪ್ಪಿ ನೆರಳಿನ ಕೆಲಸ ಸಿಗುವುದು ಸಣ್ಣ ಆಸೆಯಲ್ಲ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಕೈದಿ ಸಭಾಪಾಲಕನನ್ನು ಉಳಿದವರು ವಾರ್ಡನ್ನನ ಕಿವಿ ಎಂದು ಬಗೆದರೆ ಅವನ ಸೇವೆ ಅಂದಿಗೇ ಮುಗಿಯಿತು. ಒಬ್ಬನ ಗುಟ್ಟು ಆಫೀಸಿನವರೆಗೆ ಹೋದರೂ ಸಾಕು, ಹತ್ತು ವರ್ಷದ ನಂಬಿಕೆ ಕುಸಿಯುತ್ತದೆ. ಅಂಥವನನ್ನು ಒಳಗಿನವರು ಅಳೆಯುವುದು ಪ್ರಸಂಗದಿಂದಲ್ಲ. ಕಾಯಿಲೆ ಬಿದ್ದವನ ಮಂಚದ ಬಳಿ ಎಷ್ಟು ಹೊತ್ತು ಕೂತ, ಅದನ್ನು ನೋಡುತ್ತಾರೆ.

ಆ ಮಂಚದ ವಿಷಯಕ್ಕೇ ಬರೋಣ. 1998ರಲ್ಲಿ ಅಂಗೋಲಾದಲ್ಲಿ ಸಾಯುವವರ ಆರೈಕೆಗೆಂದು ಒಂದು ವಿಭಾಗ ತೆರೆದರು. ದಾದಿಯರು ಇದ್ದಾರೆ, ಆದರೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತುತ್ತು ಉಣಿಸುವುದು ತರಬೇತಿ ಪಡೆದ ಕೈದಿಗಳ ಕೈಯಲ್ಲಿ. ಮಗ್ಗುಲು ಬದಲಿಸುವುದು ತಪ್ಪಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಅಂಥ ಹುಣ್ಣು ಮಾಯುವುದು ಕಷ್ಟ. ಕೊನೆಯ ದಿನಗಳಲ್ಲಿ ಹಗಲು ರಾತ್ರಿ ಸರದಿಯ ಮೇಲೆ ಕೂರುತ್ತಾರೆ, ಒಬ್ಬನೇ ಸಾಯಬಾರದು ಎಂದು. ಬಿಡುವಿನಲ್ಲಿ ಕೌದಿ ಹೊಲಿಯುತ್ತಾರೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರಂತೆಯೇ ತುಂಡು ಬಟ್ಟೆ ಜೋಡಿಸಿ. ಕೆಲವು ಕೌದಿಗಳನ್ನು ಮಾರಿ ಆರೈಕೆಗೆ ಹಣ ಕೂಡಿಸುತ್ತಾರೆ.

ಇನ್ನು ಶವಪೆಟ್ಟಿಗೆ. ಮೊದಲು ಅಗ್ಗದ ಪೆಟ್ಟಿಗೆಗಳು ಬರುತ್ತಿದ್ದವು. ಒಂದು ಮಣ್ಣಿನ ವೇಳೆ ಪೆಟ್ಟಿಗೆಯ ತಳ ಕಳಚಿ ದೇಹ ಕೆಳಗೆ ಬಿತ್ತು. ಅಲ್ಲಿಂದ ಮುಂದೆ ಜೈಲಿನ ಬಡಗಿಗಳೇ ಪೆಟ್ಟಿಗೆ ಮಾಡತೊಡಗಿದರು. ಹೆಣ ಒಯ್ಯಲು ಕುದುರೆ ಗಾಡಿಯನ್ನೂ ಕಟ್ಟಿದರು. 2005ರಲ್ಲಿ ಜೈಲಿಗೆ ಬಂದಿದ್ದ ಫ್ರಾಂಕ್ಲಿನ್ ಗ್ರಹಾಂ ಆ ಪೆಟ್ಟಿಗೆಗಳನ್ನು ನೋಡಿ, ತಮ್ಮ ತಂದೆತಾಯಿಗೂ ಅಂಥವೇ ಬೇಕೆಂದು ಕೇಳಿದರು. ತಂದೆ ಎಂದರೆ ಜಗತ್ತಿಗೆಲ್ಲ ಗೊತ್ತಿದ್ದ ಸುವಾರ್ತಿಕ, ಅಂದರೆ ಕ್ರೈಸ್ತ ಧರ್ಮಪ್ರಚಾರಕ, ಬಿಲ್ಲಿ ಗ್ರಹಾಂ. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಹಾಸಿಗೆಯ ಮೇಲುಹೊದಿಕೆ, ಮುಚ್ಚಳದ ಮೇಲೊಂದು ಮರದ ಶಿಲುಬೆ. ಒಂದಕ್ಕೆ ತಗುಲಿದ್ದು 200 ಡಾಲರಿನ ಆಸುಪಾಸು. ಮಾಡಿದ ಕೈದಿಗಳ ಹೆಸರನ್ನು ಮರದ ಮೇಲೆ ಸುಟ್ಟು ಬರೆದಿತ್ತು.

ರೂತ್ ಗ್ರಹಾಂ 2007ರಲ್ಲಿ ತೀರಿಕೊಂಡರು, ಬಿಲ್ಲಿ ಗ್ರಹಾಂ 2018ರ ಫೆಬ್ರವರಿಯಲ್ಲಿ. ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟದ ಕೆಳಗೆ, ಅಧ್ಯಕ್ಷರೂ ಸಂಸದರೂ ಬಂದು ಗೌರವ ಸಲ್ಲಿಸಿದ್ದು ಆ ಪ್ಲೈವುಡ್ ಪೆಟ್ಟಿಗೆಗೆ. ಅದನ್ನು ಮಾಡಿದ ತಂಡದ ಮುಖ್ಯ ಬಡಗಿ ಅಷ್ಟು ಹೊತ್ತಿಗೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ನಮಸ್ಕಾರ.