ಕಡಿಮೆ ಸದ್ದಿನ ಮೂವರು

ಗೆಳೆಯರೇ, ವೇದಿಕೆಯ ಮೇಲೆ ಮೂರೇ ಜನ. ಗಿಟಾರ್ ಹಿಡಿದ ಸ್ಟುವರ್ಟ್ ಮೊಕ್ಸಮ್. ದಪ್ಪ ಸ್ವರದ ಬೇಸ್ ಗಿಟಾರ್ ನುಡಿಸುವ ಅವನ ಸಹೋದರ ಫಿಲಿಪ್. ಹಾಡುವ ಹುಡುಗಿ ಆಲಿಸನ್ ಸ್ಟ್ಯಾಟನ್. ಡ್ರಮ್ಸ್ ಇಲ್ಲ. ಅದರ ಬದಲಿಗೆ ಒಂದು ಕ್ಯಾಸೆಟ್ ಓಡುತ್ತಿದೆ, ಅದರಿಂದ ಟಿಕ್ ಟಿಕ್ ಅಂತ ತಾಳ. ಅವರ ನೆಂಟ ಪೀಟರ್ ಜಾಯ್ಸ್ ತಾನೇ ಕೂತು ಜೋಡಿಸಿದ ಡ್ರಮ್ ಮಷೀನಿನ ಸದ್ದು ಅದು.

ಇವರೇ ಯಂಗ್ ಮಾರ್ಬಲ್ ಜೈಂಟ್ಸ್. ವೇಲ್ಸ್‌ನ ಕಾರ್ಡಿಫ್‌ನಲ್ಲಿ 1978ರಲ್ಲಿ ಕೂಡಿದರು, 1980ರ ಕೊನೆಯ ಹೊತ್ತಿಗೆ ಚದುರಿದರು. ಆಲ್ಬಮ್ ಅಂತ ಬಂದದ್ದು ಒಂದೇ, 'ಕೊಲೋಸಲ್ ಯೂತ್'. 1980ರಲ್ಲಿ ರಫ್ ಟ್ರೇಡ್ ಕಂಪನಿ ಹೊರತಂದಿತು. ಕೆಲವೇ ದಿನಗಳಲ್ಲಿ ರೆಕಾರ್ಡ್ ಆದ 15 ಹಾಡುಗಳು.

ಆಗಿನ ಕಾಲ ಎಂಥದ್ದು ಗೊತ್ತಲ್ವಾ? ಆಗ ಎದ್ದಿದ್ದ ಪಂಕ್ ರಾಕ್ ಸಂಗೀತ ಅಂದರೆ ಕೂಗಾಟ, ಸಿಟ್ಟು, ಕಿವಿ ಹರಿಯುವ ಗಿಟಾರ್. ಇವರು ಆ ಸಿಟ್ಟನ್ನು ಬಿಡಲಿಲ್ಲ, ಸದ್ದನ್ನು ಮಾತ್ರ ಬಿಟ್ಟರು. ಸ್ಟುವರ್ಟ್ ಬಲಗೈಯ ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಹಿಡಿದೇ ಮೀಟುತ್ತಿದ್ದ. ಸ್ವರ ಹುಟ್ಟಿದ ತಕ್ಷಣ ಸಾಯುತ್ತದೆ, 'ಟಕ್ ಟಕ್' ಅಷ್ಟೇ ಉಳಿಯುತ್ತದೆ. ಹಾಗೆ ಬಿಟ್ಟ ಜಾಗದಲ್ಲಿ ಬೇಸ್ ಹಾಡುತ್ತದೆ. ಎಷ್ಟೋ ಹಾಡುಗಳಲ್ಲಿ ರಾಗದ ಎಳೆ ಇರುವುದೇ ಬೇಸ್‌ನಲ್ಲಿ. ಆಲಿಸನ್ ದನಿಯೋ, ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೆ ಗುನುಗುವವರ ದನಿ. ಯಾರನ್ನೂ ಮೆಚ್ಚಿಸುವ ಆಸೆ ಅದರಲ್ಲಿಲ್ಲ. ನನಗೆ ಅದಕ್ಕಿಂತ ನಂಬಿಕೆ ಹುಟ್ಟಿಸುವ ದನಿ ಆ ಕಾಲದ ಸಂಗೀತದಲ್ಲಿ ಇನ್ನೊಂದು ಸಿಕ್ಕಿಲ್ಲ.

'ಫೈನಲ್ ಡೇ' ಹಾಡನ್ನೇ ತೆಗೆದುಕೊಳ್ಳಿ. ಎರಡು ನಿಮಿಷವೂ ಇಲ್ಲ. ಅಣುಬಾಂಬಿನ ಭಯ ಯುರೋಪಿನ ಮನೆಮನೆಯಲ್ಲೂ ಇದ್ದ ವರ್ಷ ಅದು, 1980. ಹಾಡಿನ ಉದ್ದಕ್ಕೂ ಒಂದೇ ತೆಳು ಸ್ವರ, ಶ್ರುತಿಪೆಟ್ಟಿಗೆಯ ಹಾಗೆ. ಆದರೆ ಶ್ರುತಿ ಕೊಡುವ ನೆಮ್ಮದಿ ಇದರಲ್ಲಿಲ್ಲ. ಕೇಳುತ್ತಾ ಕೇಳುತ್ತಾ ಎದೆ ಬಿಗಿಯುತ್ತದೆ. ಅದರ ಮೇಲೆ ಆಲಿಸನ್ ಲೋಕದ ಕೊನೆಯ ದಿನವನ್ನು ಹೇಳುತ್ತಾಳೆ. ಅಂದು ಕೂಡ ಸಾಯುವುದರಲ್ಲಿ ಉಳ್ಳವರ ಸರದಿ ಬರುವುದು ಕೊನೆಗೆ. ದನಿ ಒಂದಿಷ್ಟೂ ಏರುವುದಿಲ್ಲ. ಕೂಗಿ ಹೇಳಿದ್ದರೆ ನಾವು ಕಿವಿ ಮುಚ್ಚಿಕೊಳ್ಳಬಹುದಿತ್ತು.

ಆಮೇಲೆ ತಂಡದೊಳಗೆ ಬಿಗುವು ಬಂತು, ಮುಗಿಯಿತು. ಆಲಿಸನ್ 'ವೀಕೆಂಡ್' ತಂಡಕ್ಕೆ ಹೋದಳು, ಸ್ಟುವರ್ಟ್ 'ದ ಜಿಸ್ಟ್' ಕಟ್ಟಿದ.

ಆದರೆ ಆ ಒಂದು ಆಲ್ಬಮ್ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಅಮೆರಿಕದ ರಾಕ್ ತಂಡ ನಿರ್ವಾಣದ ಗಾಯಕ ಕರ್ಟ್ ಕೋಬೇನ್ ತನ್ನ ಮೆಚ್ಚಿನ 50 ಆಲ್ಬಮ್‌ಗಳ ಪಟ್ಟಿ ಬರೆದಾಗ ಇದನ್ನೂ ಸೇರಿಸಿದ. 1994ರಲ್ಲಿ ಗಾಯಕಿ ಕೋರ್ಟ್ನಿ ಲವ್ ಅವರ ರಾಕ್ ತಂಡ 'ಹೋಲ್' ಇವರ ಒಂದು ಹಾಡನ್ನು ಎತ್ತಿಕೊಂಡು ಗಂಟಲು ಹರಿಯುವಂತೆ ಹಾಡಿತು. ಸ್ಕಾಟ್ಲೆಂಡಿನ ಮೆಲುದನಿಯ ತಂಡ ಬೆಲ್ ಆ್ಯಂಡ್ ಸೆಬಾಸ್ಟಿಯನ್‌ನವರು 'ಫೈನಲ್ ಡೇ'ಯನ್ನು ತಮ್ಮ ರೀತಿಯಲ್ಲಿ ಹಾಡಿದರು. ಜೋರು ಸದ್ದಿನವರೂ ಮೆಲ್ಲಗೆ ಹಾಡುವವರೂ ಬಂದು ನೀರು ಕುಡಿದದ್ದು ಒಂದೇ ಬಾವಿಯಲ್ಲಿ. ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಬರೀ ಯಂಗ್ ಮಾರ್ಬಲ್ ಜೈಂಟ್ಸ್ ಸದ್ದನ್ನು ನಕಲು ಮಾಡುವುದಾಗಿದ್ದರೆ 'ಹೋಲ್' ತಂಡದವರಿಗೆ ಇಲ್ಲಿ ಏನೂ ಸಿಗುತ್ತಿರಲಿಲ್ಲ. ಅವರಿಗೆ ಸಿಕ್ಕಿದ್ದು ಧೈರ್ಯ: ಇರುವುದಿಷ್ಟೇ, ಇಷ್ಟರಲ್ಲೇ ಹಾಡುತ್ತೇವೆ ಅನ್ನುವ ಧೈರ್ಯ.

2015ರಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಸಂಗೀತ ಉತ್ಸವಕ್ಕೆ 'ಟಾಕಿಂಗ್ ಹೆಡ್ಸ್' ತಂಡದ ಗಾಯಕರಾಗಿದ್ದ ಡೇವಿಡ್ ಬರ್ನ್ ಈ ಮೂವರ ತಂಡವನ್ನು ಕರೆಸಿದರು. 35 ವರ್ಷ ಹಳೆಯ ಹಾಡುಗಳು ದೊಡ್ಡ ಸಭಾಂಗಣದಲ್ಲಿ ಮತ್ತೆ ಕೇಳಿಸಿದವು.

ಈಗ 'ಫೈನಲ್ ಡೇ' ಹಾಕುತ್ತೇನೆ. ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?