ಬೇಲಿಯಾಚೆ ನಮ್ಮವರಿದ್ದಾರೆ

2025ರ ಜೂನ್ 23, ಸೋಮವಾರ ರಾತ್ರಿ. ಗಂಟೆ ಹತ್ತು ದಾಟಿತ್ತು. ದೋಹಾದಲ್ಲಿರುವ ತಂಗಿ ಒಂದು ವೀಡಿಯೋ ಕಳಿಸಿದಳು. ಬಾಲ್ಕನಿಯಲ್ಲಿ ನಿಂತು ತೆಗೆದದ್ದು, ಕೈ ನಡುಗುವುದು ಗೊತ್ತಾಗುತ್ತಿತ್ತು. ಆಕಾಶದಲ್ಲಿ ಬೆಂಕಿಯ ಗೆರೆಗಳು, ಆಮೇಲೆ ಕಿಟಕಿ ಗಾಜು ಅದುರಿದ ಸದ್ದು. ಕಟಪಾಡಿಯ ಮನೆಯಲ್ಲಿ ಅಮ್ಮ ನನ್ನ ಫೋನನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದರು. ಮತ್ತೆ ಕೇಳಿದರು, "ಯುದ್ಧ ಇರಾನಿಗೂ ಇಸ್ರೇಲಿಗೂ ಅಲ್ವಾ? ಕತಾರಿನವರು ಎಂತ ಮಾಡಿದ್ದು?"

ಆ ರಾತ್ರಿ ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಶಿರ್ವದಲ್ಲಿ, ಮೂಲ್ಕಿಯಲ್ಲಿ, ಉಳ್ಳಾಲದಲ್ಲಿ ಅವತ್ತು ಎಷ್ಟು ಮನೆಗಳಲ್ಲಿ ಲೈಟ್ ಆರಿಸದೆ ಕೂತಿದ್ದರೋ, ಅಲ್ಲೆಲ್ಲ ಇದೇ ಪ್ರಶ್ನೆ ಎದ್ದಿರಬೇಕು. ಇವತ್ತು ಆ ಉತ್ತರ ಹೇಳಲು ಪ್ರಯತ್ನ ಮಾಡ್ತೇನೆ.

ಕತಾರ್ ಏನೂ ಮಾಡಿರಲಿಲ್ಲ. ಆದರೆ ದೋಹಾದ ನೈಋತ್ಯಕ್ಕೆ, ಮರುಭೂಮಿಯಲ್ಲಿ, ಅಲ್ ಉದೈದ್ ಅಂತ ಒಂದು ವಾಯುನೆಲೆ ಉಂಟು. ಪಶ್ಚಿಮ ಏಷ್ಯಾದಲ್ಲಿ ಅಮೆರಿಕದ ಅತಿದೊಡ್ಡ ಸೇನಾ ನೆಲೆ ಅದು, ಸುಮಾರು 10,000 ಸೈನಿಕರು. ಅದನ್ನು ಕಟ್ಟಿಸಿದ್ದು ಅಮೆರಿಕ ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ಕತಾರ್ ತನ್ನದೇ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದು ಕಟ್ಟಿಸಿತು, ಆಗ ಅದರ ಹತ್ತಿರ ಹೇಳಿಕೊಳ್ಳುವಂತಹ ವಾಯುಪಡೆಯೇ ಇರಲಿಲ್ಲ. ದೊಡ್ಡವರು ಬಂದು ಕೂರಲಿ ಅಂತ ಮೊದಲೇ ಚಪ್ಪರ ಹಾಕಿಟ್ಟಂತೆ. 2003ರ ಹೊತ್ತಿಗೆ ಸೌದಿಯಿಂದ ಅಮೆರಿಕದ ವಾಯುಪಡೆಯ ಕಮಾಂಡ್ ಕೇಂದ್ರ ಅಲ್ಲಿಗೆ ಬಂತು.

ಅಮೆರಿಕ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದ್ದು ಜೂನ್ 22ಕ್ಕೆ. ಇರಾನ್ ಉತ್ತರ ಕೊಟ್ಟದ್ದು ಮರುದಿನ, ಕತಾರಿನ ನೆಲಕ್ಕೆ. ಜಗಳ ಯಾರದೋ, ಅಂಗಳ ಯಾರದೋ.

ಆದರೂ ಕತಾರನ್ನು, ಕುವೈತನ್ನು, ಬಹ್ರೇನನ್ನು ಬೈದು ಕೈ ತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಅದಕ್ಕೆ ನನ್ನ ದೊಡ್ಡಪ್ಪ ಕಾರಣ. ಅವರು 1990ರಲ್ಲಿ ಕುವೈತಿನಲ್ಲಿದ್ದರು. ಆಗಸ್ಟ್ 2ರ ಬೆಳಗ್ಗೆ ಎದ್ದು ನೋಡುವಾಗ ರಸ್ತೆಯಲ್ಲಿ ಇರಾಕಿನ ಟ್ಯಾಂಕ್. ಒಂದು ದೇಶ, ಅದರ ರಾಜಮನೆತನ, ಅದರ ಬ್ಯಾಂಕು, ಅದರ ನೋಟು, ಎಲ್ಲ ಒಂದೆರಡು ದಿನದಲ್ಲಿ ಇಲ್ಲವಾಯಿತು. ಆಗ ಕುವೈತಿನಲ್ಲಿ ಅಮೆರಿಕದ ನೆಲೆ ಇರಲಿಲ್ಲ. ಹೊರಗಿನ ಸೈನ್ಯ ತನ್ನ ನೆಲದಲ್ಲಿ ಬೇಡ ಅಂತ ಅದು ಅದಕ್ಕೂ ಮೊದಲಿನ ವರ್ಷಗಳಲ್ಲಿ ಹೇಳುತ್ತಿತ್ತು. ಬಿಡುಗಡೆಯಾದ ಮೇಲೆ, 1991ರ ಸೆಪ್ಟೆಂಬರಿನಲ್ಲಿ, ಅದೇ ಕುವೈತ್ ಅಮೆರಿಕದ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಪೆಟ್ಟು ತಿಂದವರಿಗೆ ಗೊತ್ತು ಪೆಟ್ಟಿನ ಬೆಲೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರಿದರೆ ಆಗುವುದರ ಒಂದೂವರೆ ಪಟ್ಟೂ ಇಲ್ಲದ ಕತಾರ್, ಬೆಳ್ತಂಗಡಿ ತಾಲೂಕಿನೊಳಗೆ ಇಟ್ಟರೂ ಜಾಗ ಉಳಿಯುವಷ್ಟು ಸಣ್ಣ ಬಹ್ರೇನ್. ಒಂದು ಬದಿಗೆ ಸೌದಿ, ಇನ್ನೊಂದು ಬದಿಗೆ ಇರಾನ್. ಇವರು ಯಾರನ್ನಾದರೂ ಆಸರೆ ಕೇಳುವುದು ಸಹಜ.

ನನ್ನ ತಕರಾರು ಇರುವುದು ಆಸರೆ ಎಂದು ಬರೆದುಕೊಟ್ಟ ಕಾಗದದ ಬಗ್ಗೆ. ಅದನ್ನು ಬಿಡಿಸಿ ಓದಬೇಕು.

ಬಹ್ರೇನಿನದ್ದನ್ನೇ ನೋಡಿ. ಮನಾಮಾದ ಜುಫೈರಿನಲ್ಲಿ ಬ್ರಿಟಿಷರು 1935ರಲ್ಲೇ ನೌಕಾನೆಲೆ ಮಾಡಿದ್ದರು. 1971ರಲ್ಲಿ ಅವರು ಹೋದರು, ಅಮೆರಿಕದವರು ಒಳಗೆ ಬಂದರು. 1995ರಿಂದ ಅಮೆರಿಕದ ಐದನೇ ನೌಕಾಪಡೆಯ ಕೇಂದ್ರ ಅದು. 2018ರಲ್ಲಿ ಬ್ರಿಟಿಷರೂ ವಾಪಸ್ ಬಂದು ಒಂದು ನೆಲೆ ತೆರೆದರು. ನೆಲೆಯ ಗೋಡೆಯಿಂದ ಸ್ವಲ್ಪವೇ ದೂರದಲ್ಲಿ ಫ್ಲಾಟುಗಳು, ಹೋಟೆಲುಗಳು, ಸೂಪರ್ ಮಾರ್ಕೆಟ್ಟುಗಳು. ಅಲ್ಲಿ ಬಿಲ್ ಹಾಕುವವರು, ಅಡುಗೆ ಮಾಡುವವರು, ಎಸಿ ರಿಪೇರಿ ಮಾಡುವವರಲ್ಲಿ ನಮ್ಮ ಊರಿನವರೂ ಇದ್ದಾರೆ. ಇಷ್ಟು ವರ್ಷದ ನಂಟಿನ ಮೇಲೆ 2023ರ ಸೆಪ್ಟೆಂಬರಿನಲ್ಲಿ ಬಹ್ರೇನ್ ಮತ್ತು ಅಮೆರಿಕ ಒಂದು ಹೊಸ ಭದ್ರತಾ ಒಪ್ಪಂದ ಮಾಡಿಕೊಂಡವು. ಹೊರಗಿನಿಂದ ದಾಳಿ ಆದರೆ ಏನು? ಇಬ್ಬರೂ ಕೂಡಲೇ ಉನ್ನತ ಮಟ್ಟದಲ್ಲಿ ಸೇರಿ ಮುಂದೇನು ಅಂತ ಮಾತಾಡುತ್ತಾರೆ. ಅಷ್ಟೇ. "ನಿನ್ನ ಮೇಲೆ ಕೈ ಮಾಡಿದರೆ ನನ್ನ ಮೇಲೆ ಮಾಡಿದಂತೆ" ಎಂಬ ನ್ಯಾಟೋ ಮಾತು ಅದರಲ್ಲಿಲ್ಲ. ನೆಲ ಕೊಡುವುದು ಖಚಿತ, ಬಂದು ನಿಲ್ಲುವುದು ಮಾತುಕತೆಗೆ ಬಿಟ್ಟದ್ದು.

ಕತಾರಿಗೆ ಇದು ಗೊತ್ತಾಗಲು ಜೂನ್ ಕಳೆದು ಮೂರು ತಿಂಗಳೂ ಬೇಕಾಗಲಿಲ್ಲ. ಸೆಪ್ಟೆಂಬರ್ 9ಕ್ಕೆ ಇಸ್ರೇಲ್ ದೋಹಾ ನಗರದೊಳಗೇ ಬಾಂಬ್ ಹಾಕಿತು. ಹಮಾಸ್ ನಾಯಕರು ಅದರ ಗುರಿ. ಕತಾರಿನ ಒಬ್ಬ ಭದ್ರತಾ ಸಿಬ್ಬಂದಿಯೂ ಸತ್ತ. ಸಾವಿರಾರು ಅಮೆರಿಕನ್ ಸೈನಿಕರು, ರಾಡಾರು, ಕ್ಷಿಪಣಿ ತಡೆಯುವ ಯಂತ್ರ, ಎಲ್ಲ ಪಕ್ಕದಲ್ಲೇ ಇತ್ತು. ಬಂದವನು ಮನೆಯಲ್ಲಿ ಕೂತವನ ಗೆಳೆಯ, ಹಾಗಾಗಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಟ್ರಂಪ್ ಒಂದು ಆದೇಶ ಹೊರಡಿಸಿದರು: ಕತಾರಿನ ಮೇಲಿನ ದಾಳಿಯನ್ನು ಅಮೆರಿಕದ ಭದ್ರತೆಗೇ ಬೆದರಿಕೆ ಎಂದು ನೋಡುತ್ತೇವೆ ಅಂತ. ಅದು ಸೆನೆಟ್ ಒಪ್ಪಿದ ಒಡಂಬಡಿಕೆ ಅಲ್ಲ. ಒಬ್ಬ ಅಧ್ಯಕ್ಷರ ಸಹಿ ಇರುವ ಆದೇಶವನ್ನು ಮುಂದಿನ ಅಧ್ಯಕ್ಷರು ಇನ್ನೊಂದು ಸಹಿಯಿಂದ ಹಿಂದಕ್ಕೆ ತೆಗೆಯಬಹುದು.

ಕತಾರಿನವರು ಒಂದೇ ಬುಟ್ಟಿಯಲ್ಲಿ ಎಲ್ಲವನ್ನೂ ಇಟ್ಟವರಲ್ಲ, ಅದನ್ನೂ ಹೇಳಬೇಕು. 2017ರಲ್ಲಿ ಸೌದಿ ಮತ್ತು ಉಳಿದ ನೆರೆಯವರು ದಿಗ್ಬಂಧನ ಹಾಕಿದಾಗ ಟರ್ಕಿಯ ಸಂಸತ್ತು ಎರಡೇ ದಿನದಲ್ಲಿ ಕತಾರಿನಲ್ಲಿದ್ದ ತನ್ನ ನೆಲೆಗೆ ಸೈನಿಕರನ್ನು ಕಳಿಸಲು ಒಪ್ಪಿಗೆ ಕೊಟ್ಟಿತು. ನೆರೆಯವರ ಹದಿಮೂರು ಬೇಡಿಕೆಗಳಲ್ಲಿ ಟರ್ಕಿಯ ಆ ನೆಲೆ ಮುಚ್ಚಬೇಕು ಅನ್ನುವುದೂ ಒಂದಾಗಿತ್ತು. ಸಣ್ಣ ನೆಲೆ ಅದು. ಕಷ್ಟದಲ್ಲಿ ಬಂದು ನಿಂತದ್ದು ಅದು.

ನಮ್ಮ ಕರಾವಳಿಗೆ ಈ ಕಥೆ ಹೊಸದೇನಲ್ಲ. ಮಂಗಳೂರಿನ ಬಾವುಟಗುಡ್ಡೆಯಲ್ಲಿ, ಬ್ರಿಟಿಷರ ವಿರುದ್ಧ ದಂಗೆ ಎದ್ದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನೋಡಿದ್ದೀರಲ್ಲ. ಅವರು ಯಾಕೆ ಸುಳ್ಯದಿಂದ ದಂಡು ಕಟ್ಟಿಕೊಂಡು ಮಂಗಳೂರಿಗೆ ಬಂದರು ಅಂತ ಒಮ್ಮೆ ಹಿಂದಕ್ಕೆ ಹೋಗಿ ನೋಡಿ. 1790ರಲ್ಲಿ ಕೊಡಗಿನ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಭಯದಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಸ್ನೇಹದ ಒಪ್ಪಂದ ಮಾಡಿಕೊಂಡ. ಅವನ ಕಷ್ಟ ನಿಜ, ಬೇರೆ ದಾರಿಯೂ ಕಡಿಮೆ ಇತ್ತು. ಟಿಪ್ಪು 1799ರಲ್ಲಿ ಹೋದ, ಕಂಪನಿ ಹೋಗಲಿಲ್ಲ. 1834ರಲ್ಲಿ ಅದೇ ಕಂಪನಿ ಕೊಡಗನ್ನು ನುಂಗಿ ಆಗಿನ ರಾಜನನ್ನು ಗಡೀಪಾರು ಮಾಡಿತು. ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಹಾಕಿತು. ಭತ್ತವೋ ಅಡಿಕೆಯೋ ಕೊಟ್ಟು ಕಂದಾಯ ತೀರಿಸುತ್ತಿದ್ದ ರೈತನ ಹತ್ತಿರ ನಗದು ಕೇಳಿತು. 1837ರ ಏಪ್ರಿಲಿನಲ್ಲಿ ಗುಡ್ಡೆಯ ಮೇಲೆ ಬಾವುಟ ಏರಿದ್ದು ಆ ಸಿಟ್ಟಿಗೆ. ಒಪ್ಪಂದಕ್ಕೆ ಸಹಿ ಹಾಕಿದ್ದು ಕೊಡಗಿನ ಅರಮನೆ, ಪೆಟ್ಟು ತಿಂದದ್ದು ಸುಳ್ಯದ ರೈತ. ಅಮೆರಿಕ ಕತಾರನ್ನು ನುಂಗುತ್ತದೆ ಅಂತ ನಾನು ಹೇಳುವುದಿಲ್ಲ, ಕಾಲ ಬೇರೆ. ಸಹಿ ಯಾರದ್ದು, ಪೆಟ್ಟು ಯಾರಿಗೆ ಅನ್ನುವ ಲೆಕ್ಕ ಮಾತ್ರ ಬದಲಾಗಿಲ್ಲ.

ಕತಾರಿನಲ್ಲಿ ಭಾರತೀಯರು ಎಂಟು ಲಕ್ಷದಷ್ಟು ಇದ್ದಾರೆ, ಅಲ್ಲಿನ ಸ್ವಂತ ಪ್ರಜೆಗಳ ದುಪ್ಪಟ್ಟಿಗೂ ಹೆಚ್ಚು. ನೆಲೆ ಬೇಕೋ ಬೇಡವೋ ಅಂತ ಅವರನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಅದನ್ನು ನಾನು ಒಪ್ಪಿಕೊಳ್ಳಬಲ್ಲೆ. ಒಪ್ಪಿಕೊಳ್ಳಲು ಆಗದ್ದು ಇನ್ನೊಂದುಂಟು. ಜೂನ್ 23ರ ದಾಳಿಗೆ ಮೊದಲೇ ಅಮೆರಿಕ ತನ್ನ ಹೆಚ್ಚಿನ ವಿಮಾನಗಳನ್ನು ಅಲ್ ಉದೈದಿನಿಂದ ಬೇರೆ ಕಡೆಗೆ ಸಾಗಿಸಿತ್ತು. ಒಳ್ಳೆಯದೇ ಆಯಿತು, ಆ ರಾತ್ರಿ ಯಾರೂ ಸಾಯಲಿಲ್ಲ. ಆದರೆ ಅದೇ ಹೊತ್ತಿಗೆ ಆಕಾಶ ಮುಚ್ಚಿತು, ವಿಮಾನಗಳು ಅರ್ಧ ದಾರಿಯಿಂದ ತಿರುಗಿದವು, ನನ್ನ ತಂಗಿ ಬಾಲ್ಕನಿಯಲ್ಲೇ ಉಳಿದಳು. ಒಂದು ವಾರ ಕಳೆದು, ಜುಲೈ 1ರಿಂದ, ಕುವೈತಿನಲ್ಲಿ ಹೊಸ ನಿಯಮ ಬಂತು: ಖಾಸಗಿ ಕಂಪನಿಯ ವಿದೇಶಿ ನೌಕರ ದೇಶದಿಂದ ಹೊರಗೆ ಕಾಲಿಡಬೇಕಾದರೆ ಮಾಲಿಕರು ಒಪ್ಪಿದ ಪರವಾನಗಿ ಬೇಕು. ಯುದ್ಧವಿಮಾನಕ್ಕೆ ಹೊರಡಲು ದಾರಿ ಉಂಟು, ನಮ್ಮ ಹುಡುಗರಿಗೆ ಹೊರಡಲು ಸಹಿ ಬೇಕು.

ನಮ್ಮ ಸರ್ಕಾರ ಮಾತಾಡಬೇಕಾದದ್ದು ಇಲ್ಲಿ. 1990ರಲ್ಲಿ ಅಮ್ಮಾನಿನಿಂದ ಏರ್ ಇಂಡಿಯಾ ಸುಮಾರು 1,70,000 ಜನರನ್ನು ಎರಡು ತಿಂಗಳಲ್ಲಿ ಕರೆತಂದಿತು. ಅದು ದೊಡ್ಡ ಕೆಲಸ, ಇವತ್ತಿಗೂ ಎದೆ ತುಂಬುತ್ತದೆ. ಆದರೆ ಅದು ಮನೆಗೆ ಬೆಂಕಿ ಬಿದ್ದ ಮೇಲೆ ಮಾಡಿದ ಕೆಲಸ. ಕೊಲ್ಲಿ ದೇಶಗಳ ಜೊತೆ ಕಾರ್ಮಿಕ ಒಪ್ಪಂದ ಮಾಡುವಾಗ ಒಂದು ಸಾಲು ಸೇರಿಸಲು ಏನು ಅಡ್ಡಿ? ದಾಳಿಯ ಸಂದರ್ಭದಲ್ಲಿ ಮಾಲಿಕರ ಒಪ್ಪಿಗೆ ಇಲ್ಲದೆ ದೇಶ ಬಿಡುವ ಹಕ್ಕು ನಮ್ಮವರಿಗೆ ಇರಬೇಕು. ನಮ್ಮ ಸಂಸದರು ಇದನ್ನು ದೆಹಲಿಯಲ್ಲಿ ಎತ್ತಲಿ. ಬಜ್ಪೆಯಿಂದ ಹೊಸ ವಿಮಾನ ಬಿಡಿ ಅಂತ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳಲಿ.

ದೊಡ್ಡಪ್ಪ ಕುವೈತಿನಿಂದ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಬಂದಾಗ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಅದು ಮಾಲಿಕರ ಕಪಾಟಿನಲ್ಲಿತ್ತು, ಮಾಲಿಕರು ಮೊದಲನೇ ದಿನವೇ ಊರು ಬಿಟ್ಟಿದ್ದರು. ಆ ಜೂನ್ ರಾತ್ರಿ ತಂಗಿಗೆ ಕರೆ ಸಿಕ್ಕಿದ ಕೂಡಲೇ ದೊಡ್ಡಪ್ಪ ಫೋನು ತೆಗೆದುಕೊಂಡು ಕೇಳಿದ್ದು ಒಂದೇ ಮಾತು, "ಪಾಸ್‌ಪೋರ್ಟ್ ಎಲ್ಲುಂಟು ಮಗಾ?" ಅವಳದ್ದು ಅವಳ ಬ್ಯಾಗಿನಲ್ಲಿತ್ತು. ಭಾವನದ್ದು ಕಂಪನಿಯ ಆಫೀಸಿನಲ್ಲಿ ಉಂಟಂತೆ.